ಸ್ಪ್ರಿಂಗ್ ಮುಟ್ಟದೆ ಸಸ್ಪೆನ್ಷನ್ ಕೆಲಸ: ಕೊಡಗಿನ ರಸ್ತೆಗೆ ಒಂದು ಹಳೇ ಸ್ವಿಫ್ಟ್

ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಗಾಡಿ ಎತ್ತರ ಆಗಿಲ್ಲ, ತಗ್ಗೂ ಆಗಿಲ್ಲ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ದುಡ್ಡೆಲ್ಲ ಹೋಗಿದ್ದು ರಬ್ಬರಿಗೆ ಮತ್ತು ನಾಲ್ಕು ಶಾಕ್‌ಗಳಿಗೆ, ಅಂದರೆ ಶಾಕ್ ಅಬ್ಸಾರ್ಬರ್‌ಗಳಿಗೆ. ಅಪ್‌ಗ್ರೇಡ್ ಅಂದರೆ ಕೆಂಪು ಬಣ್ಣದ ಸ್ಪ್ರಿಂಗ್, ನೆಲಕ್ಕೆ ಅಂಟಿಕೊಂಡ ಬಂಪರ್ ಅಂದುಕೊಂಡವರಿಗೆ ಇದು ಸಪ್ಪೆ ಅನ್ನಿಸಬಹುದು.

ಗಾಡಿ 2014ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. ಲಕ್ಷ ಕಿಲೋಮೀಟರ್ ಯಾವಾಗಲೋ ದಾಟಿದೆ. ವಿರಾಜಪೇಟೆ ಕಡೆಯ ತೋಟದ ಮನೆಯಿಂದ ಬೇತ್ರಿ, ಮೂರ್ನಾಡು ದಾಟಿ ಮಡಿಕೇರಿಗೆ ದಿನಾ ಓಡಾಟ. ಆಗಾಗ ಗೋಣಿಕೊಪ್ಪ, ತಿತಿಮತಿ, ಹುಣಸೂರು ಮೇಲೆ ಮೈಸೂರು. ಮದುವೆ ಗಿದುವೆ ಇದ್ದರೆ ಸಂಪಾಜೆ ಘಾಟಿ ಇಳಿದು ಸುಳ್ಯ. ಅಂದರೆ ತಿರುವು, ಹಂಪು, ಮಳೆಗಾಲದಲ್ಲಿ ನೀರು ತುಂಬಿದ ಗುಂಡಿ, ಕೊನೆಗೆ ಮನೆಗೆ ಹೋಗುವ ಕಲ್ಲುದಾರಿ. ಹಿಂದಿನ ಸೀಟಿನಲ್ಲಿ ಅಮ್ಮ, ಡಿಕ್ಕಿಯಲ್ಲಿ ಒಮ್ಮೊಮ್ಮೆ ಗೊಬ್ಬರದ ಮೂಟೆ. ಈ ಗಾಡಿಗೆ ಏನು ಬೇಕು ಅನ್ನೋದು ಇಷ್ಟರಲ್ಲೇ ಇದೆ.

ಶಬ್ದದಿಂದ ಶುರು

ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿ ಮೂರು ನಾಲ್ಕು ಬಗೆಯಲ್ಲಿ ಮಾತಾಡಲು ಶುರು ಮಾಡಿತ್ತು. ನಿಧಾನಕ್ಕೆ ಜಲ್ಲಿ ಮೇಲೆ ಹೋದರೆ ಮುಂದಿನಿಂದ ಟಕ್ ಟಕ್. ಹಂಪು ಇಳಿದಾಗ ಡಬ್ ಎಂದು ಒಂದೇ ಹೊಡೆತ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗಿ ಹಾರಿ ಬಿಟ್ಟಂತೆ ಟೊಂಯ್. ಬ್ರೇಕ್ ಒತ್ತಿದರೆ ಮೂತಿ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಇದರ ಮೇಲೆ, ತಿತಿಮತಿ ಕಾಡಿನ ರಸ್ತೆಯ ಹಂಪುಗಳಲ್ಲಿ ಹಿಂಭಾಗ ಒಮ್ಮೆ ಎದ್ದರೆ ಕೂರುವುದೇ ಇಲ್ಲ. "ಹಿಂದೆ ಕೂತರೆ ಮೂಳೆಯೆಲ್ಲ ಬೇರೆ ಬೇರೆ ಆಗುತ್ತೆ ಕಣೋ, ಮುಂದೆ ಕೂತವನಿಗೇನು ಗೊತ್ತು" ಎಂದು ಅಮ್ಮ ಹೇಳಿದ್ದು ಸುಮ್ನೆ ಅಲ್ಲ.

ಇಂಥ ಹೊತ್ತಲ್ಲಿ ಹೆಚ್ಚಿನವರು "ಶಾಕ್ ಹೋಗಿದೆ" ಎಂದು ಶಾಕ್ ಒಂದನ್ನೇ ಬದಲಿಸುತ್ತಾರೆ. ಆದರೆ ಒಂದೊಂದು ಶಬ್ದಕ್ಕೂ ಒಂದೊಂದು ಯಜಮಾನ ಇರುತ್ತಾನೆ. ಟಕ್ ಟಕ್ ಅನ್ನೋದು ಸಾಮಾನ್ಯವಾಗಿ ಸ್ಟೆಬಿಲೈಸರ್ ಲಿಂಕ್ ರಾಡ್, ಅಂದರೆ ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಕಂಬಿಯನ್ನು ಚಕ್ರದ ಕಡೆಗೆ ಜೋಡಿಸುವ ಕಡ್ಡಿ. ನಿಂತಲ್ಲಿ ಟೊಂಯ್ ಅಂದರೆ ಸ್ಟ್ರಟ್ (ಮುಂದಿನ ಶಾಕ್, ಸ್ಪ್ರಿಂಗ್ ಸೇರಿದ ಜೋಡಣೆ) ಮೇಲಿನ ಮೌಂಟಿಂಗ್, ಅದರ ಬೇರಿಂಗ್. ಬ್ರೇಕಿಗೆ ಎಳೆದರೆ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಬಾಡಿಗೆ ಹಿಡಿದಿಡುವ ತೋಳು) ಬಾಡಿಗೆ ಸೇರುವಲ್ಲಿರುವ ರಬ್ಬರು, ಅಂದರೆ ಬುಷ್ ಮೇಲೆ ಅನುಮಾನ, ಬ್ರೇಕ್ ಕ್ಯಾಲಿಪರ್ ಸರಿ ಇದೆ ಎಂದು ಖಾತ್ರಿ ಆದ ಮೇಲೆ. ಹಂಪಿನ ನಂತರ ತೇಲಾಡಿದರೆ ಮಾತ್ರ ಶಾಕ್.

ಸ್ಪ್ರಿಂಗಿನ ಕೆಲಸ ಭಾರ ಹೊರುವುದು, ಶಾಕಿನ ಕೆಲಸ ಸ್ಪ್ರಿಂಗಿನ ಕುಣಿತ ನಿಲ್ಲಿಸುವುದು. ಸ್ಪ್ರಿಂಗ್ ತೂಗುವ ತೊಟ್ಟಿಲಾದರೆ ಶಾಕ್ ಅದನ್ನು ಹಿಡಿದು ನಿಲ್ಲಿಸುವ ಕೈ. ಇದೊಂದು ತಿಳಿದಿದ್ದರೆ ಅಂಗಡಿಯವನು ಏನೇ ಹೇಳಿದರೂ ದಾರಿ ತಪ್ಪುವುದಿಲ್ಲ.

ನೋಡುವ ಕ್ರಮ ಸುಲಭ. ಟಾರ್ಚ್ ಹಿಡಿದು ಚಕ್ರದ ಹಿಂದೆ ಬಗ್ಗಿ ಶಾಕ್ ಮೈ ನೋಡಿ. ಧೂಳು ಅಂಟಿದ ತೆಳುವಾದ ಜಿಡ್ಡು ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒದ್ದೆಯಾಗಿ ಇಳಿದಿದ್ದರೆ ಸೀಲ್ ಹೋಗಿದೆ. ಬಾನೆಟ್ ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಹಳೇ ಪದ್ಧತಿ ಇದೆಯಲ್ಲ, ಅದರಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ಅರೆಜೀವ ಇರುವುದು ಪಾಸಾಗಿಬಿಡುತ್ತದೆ. ಟೈರ್ ಮೇಲೆ ಅಂಗೈ ಸವರಿ ನೋಡುವುದು ಅದಕ್ಕಿಂತ ಮೇಲು. ಅಲ್ಲಲ್ಲಿ ತಗ್ಗು ದಿಬ್ಬ ಸಿಕ್ಕರೆ ಚಕ್ರ ರಸ್ತೆ ಮೇಲೆ ಹಾರಿ ಹಾರಿ ಓಡುತ್ತಿದೆ ಅಂತ ಅರ್ಥ. ನನ್ನ ಹಿಂದಿನ ಎರಡೂ ಟೈರ್ ಹಾಗೇ ಇದ್ದವು.

ಆಮೇಲೆ ಜಾಕಿ ಕೊಟ್ಟು ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬಾಲ್ ಜಾಯಿಂಟ್ (ಲೋವರ್ ಆರ್ಮ್ ತುದಿಯ ಗುಂಡು ಕೀಲು) ಅಥವಾ ವೀಲ್ ಬೇರಿಂಗ್ ಸಡಿಲ ಗೊತ್ತಾಗುತ್ತದೆ. ಎಡಬಲ ಹಿಡಿದರೆ ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಎಂಡ್. ಲೋವರ್ ಆರ್ಮ್ ಹಿಂದಿನ ಬುಷ್‌ಗೆ ಉದ್ದನೆಯ ಸ್ಕ್ರೂಡ್ರೈವರ್ ಕೊಟ್ಟು ಮೀಟಿದೆ. ರಬ್ಬರು ಬಾಯಿ ತೆರೆಯಿತು. ಸೀಳಿನೊಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಎಷ್ಟು ಮಳೆಗಾಲದ್ದೋ!

ಪುಕ್ಕಟೆ ಕೆಲಸ ಮೊದಲು

ದುಡ್ಡು ತೆಗೆಯುವ ಮೊದಲು ಗಾಳಿ ಸರಿ ಮಾಡಿ. ನಮ್ಮ ಕಡೆ ಬಂಕಿನಲ್ಲಿ ಕೇಳದಿದ್ದರೆ ಎಲ್ಲ ಗಾಡಿಗೂ 35 ಪಿಎಸ್‌ಐ ತುಂಬಿಬಿಡುತ್ತಾರೆ. ನಿಮ್ಮ ಗಾಡಿಗೆ ಎಷ್ಟು ಬೇಕು ಎಂದು ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್ ಹೇಳುತ್ತದೆ. ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿದ್ದಾಗ ಅಳೆಯಬೇಕು. ಸ್ಟಿಕ್ಕರ್ ಅಂಕಿಗೆ ಇಳಿಸಿದ ಮೇಲೆ ಕಲ್ಲುದಾರಿಯ ಅರ್ಧ ಸಿಡುಕು ಹೋಯಿತು. ಒಂದು ರೂಪಾಯಿ ಖರ್ಚಿಲ್ಲ.

ಟೈರಿನ ವಯಸ್ಸೂ ನೋಡಿಕೊಳ್ಳಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ. ಹಳೇ ಟೈರಿನ ರಬ್ಬರು ಗಟ್ಟಿಯಾದ ಮೇಲೆ ಯಾವ ಶಾಕ್ ಹಾಕಿದರೂ ಮೆತ್ತಗಾಗುವುದಿಲ್ಲ.

ಬೇಡ ಎಂದು ಬಿಟ್ಟವು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಅಗ್ಗದ ಅಪ್‌ಗ್ರೇಡ್ ಎಂದರೆ ಎಲ್ಲರೂ ಮೊದಲು ತೋರಿಸುವುದು ಇವನ್ನೇ.

ಎಲ್ಲಕ್ಕಿಂತ ಜಾಸ್ತಿ ಮಾರಾಟ ಆಗುವುದು ಸ್ಪ್ರಿಂಗ್ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್. ಬೂಸ್ಟರ್ ಅಂತಲೂ ಕರೆಯುತ್ತಾರೆ. ಹತ್ತು ನಿಮಿಷದ ಕೆಲಸ, ಗಾಡಿ ಸ್ವಲ್ಪ ಎದ್ದು ನಿಂತ ಹಾಗೆ ಕಾಣುತ್ತದೆ, ಜನ ಖುಷಿ. ಒಳಗೆ ಆಗುವುದೇ ಬೇರೆ. ರಬ್ಬರು ಕೂತ ಜಾಗದಲ್ಲಿ ಸ್ಪ್ರಿಂಗ್ ಮುದುಡುವುದಿಲ್ಲ. ಕೆಲಸ ಮಾಡುವ ಸುತ್ತು ಕಡಿಮೆ ಆದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಉಳಿದ ಸುತ್ತುಗಳ ಮೇಲೆ ಹೊರೆ ಬೀಳುತ್ತದೆ. ಗಟ್ಟಿಯಾದ ಸ್ಪ್ರಿಂಗನ್ನು ಹಿಡಿದು ನಿಲ್ಲಿಸಲು ಹಳೇ ಶಾಕ್‌ಗೆ ಇನ್ನೂ ಕಷ್ಟ. ಸತ್ತ ಶಾಕ್‌ನ ಮೇಲೆ ಬೂಸ್ಟರ್ ಹಾಕುವುದು ಅಂದರೆ ಕುಣಿತ ಜಾಸ್ತಿ ಮಾಡಲು ದುಡ್ಡು ಕೊಟ್ಟ ಹಾಗೆ. ದಿನಾ ಭಾರ ಹೊರುವ ಗಾಡಿಯಾದರೆ ತಾತ್ಕಾಲಿಕಕ್ಕೆ ಸರಿ ಇರಬಹುದು. ನನಗೆ ಬೇಡ.

ಎರಡನೆಯದು, ಪೆಟ್ರೋಲ್ ಸ್ವಿಫ್ಟ್‌ಗೆ ಡೀಸೆಲ್ ಗಾಡಿಯ ಮುಂದಿನ ಸ್ಪ್ರಿಂಗ್. ಡೀಸೆಲ್ ಎಂಜಿನ್ ತೂಕ ಜಾಸ್ತಿ, ಅದಕ್ಕೆ ತಕ್ಕ ಸ್ಪ್ರಿಂಗ್ ಇರುತ್ತದೆ. ಅದನ್ನು ಹಗುರ ಎಂಜಿನ್ ಕೆಳಗೆ ಇಟ್ಟರೆ ಮೂತಿ ಏಳುತ್ತದೆ. ಗುಂಡಿಗೆ ತಾಗುವುದಿಲ್ಲ ನಿಜ, ಆದರೆ ಸವಾರಿ ಒರಟಾಗುತ್ತದೆ, ಎಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್‌ಶಾಫ್ಟ್ ಕೋನವೂ ಬದಲಾಗುತ್ತದೆ. ಈ ಗಾಡಿಯ ನೆಲದಂತರ ಕಂಪನಿ ಲೆಕ್ಕದಲ್ಲಿ 170 ಮಿಲಿಮೀಟರ್. ನಿಧಾನಕ್ಕೆ ಹೋದರೆ ನಮ್ಮ ದಾರಿಗೆ ಸಾಕು.

ಸ್ಪ್ರಿಂಗ್ ಕತ್ತರಿಸಿ ತಗ್ಗಿಸುವವರ ಬಗ್ಗೆ ಹೇಳುವುದೇನೂ ಇಲ್ಲ. ಗುಂಡಿಯಲ್ಲಿ ಚಕ್ರ ಪೂರ್ತಿ ಇಳಿದಾಗ ಆ ತುಂಡು ಸ್ಪ್ರಿಂಗ್ ತನ್ನ ಜಾಗ ಬಿಟ್ಟು ಅಲ್ಲಾಡುತ್ತದೆ. ಘಾಟಿ ತಿರುವಿನಲ್ಲಿ ಇದು ಬೇಕಾ? ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್, ಅಂದರೆ ಕಾಯಿಲೋವರ್ ಬೆಲೆಗೆ ನಾಲ್ಕು ಹೊಸ ಟೈರ್ ಬಂದು ಇನ್ನೂ ದುಡ್ಡು ಉಳಿಯುತ್ತದೆ. ರಬ್ಬರಿನ ಬದಲು ಹಾಕುವ ಗಟ್ಟಿ ಪಾಲಿಯುರಿಥೇನ್ ಬುಷ್ ಸ್ಟೀರಿಂಗ್ ಚುರುಕು ಮಾಡುತ್ತದೆ, ಬದಲಿಗೆ ರಸ್ತೆಯ ಪ್ರತಿ ಕಲ್ಲಿನ ಸುದ್ದಿಯನ್ನೂ ಸೀಟಿಗೆ ತಲುಪಿಸುತ್ತದೆ. ಕೆಸರು ನೀರು ಹೊಕ್ಕರೆ ಕಿರಗುಡುತ್ತದೆ.

ಇನ್ನೊಂದು, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಅದೇ ಅಳತೆಯ ಶಾಕ್, ಅದೇ ಬುಷ್ ಹಾಕಿದರೆ ಆ ತಲೆನೋವೇ ಇಲ್ಲ.

ಸಾಮಾನು ಆರಿಸಿದ್ದು

ಸ್ವಿಫ್ಟ್‌ಗೆ ಮಾರುತಿಯ ಒರಿಜಿನಲ್ ಬಿಟ್ಟರೆ ಗೇಬ್ರಿಯಲ್, ಮೊನ್ರೋ, ಕೆವೈಬಿ ಶಾಕ್‌ಗಳ ಹೆಸರು ಕೇಳಿಬರುತ್ತದೆ. ನಾನು ಯಾವುದು ತಂದೆ ಎಂದು ಕೇಳಿದರೆ, ಮೈಸೂರಿನ ಅಂಗಡಿಯಲ್ಲಿ ಆ ದಿನ ನಾಲ್ಕೂ ಒಟ್ಟಿಗೆ ಸಿಕ್ಕಿದ್ದನ್ನು. ಅಷ್ಟೇ. ಬ್ರಾಂಡಿಗಿಂತ ಬಿಲ್ಲು, ವಾರಂಟಿ ಮುಖ್ಯ. ಇಂಥ ಸಾಮಾನಿನಲ್ಲಿ ನಕಲಿ ಹಾವಳಿ ಇದೆ. ಡಬ್ಬಿ ಮಾತ್ರ ಚೆನ್ನಾಗಿರುತ್ತದೆ.

ಗ್ಯಾಸ್ ತುಂಬಿದ್ದೇ ಬೇಕು ಎಂದು ಮಾತ್ರ ಹಟ ಹಿಡಿದೆ. ಬರೀ ಎಣ್ಣೆಯ ಶಾಕ್ ಒಂದೇ ಸಮ ಒರಟು ದಾರಿಯಲ್ಲಿ ಕೆಲಸ ಮಾಡಿದರೆ ಒಳಗಿನ ಎಣ್ಣೆ ಬಿಸಿಯಾಗಿ ನೊರೆ ಏಳುತ್ತದೆ. ನೊರೆಗೆ ಹಿಡಿತ ಇರುವುದಿಲ್ಲ. ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದ್ದರೆ ಆ ನೊರೆ ಬೇಗ ಏಳುವುದಿಲ್ಲ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ರಾಡನ್ನು ಒತ್ತಿ ಬಿಟ್ಟರೆ ಗ್ಯಾಸ್ ಶಾಕ್ ತಾನಾಗಿ ನಿಧಾನಕ್ಕೆ ಮೇಲೆ ಬರುತ್ತದೆ. ಎಣ್ಣೆಯದ್ದು ಒತ್ತಿದಲ್ಲೇ ಕೂರುತ್ತದೆ.

ಲೋವರ್ ಆರ್ಮ್‌ನ ಬುಷ್ ಮಾತ್ರ ಬದಲಿಸಿದರೆ ಅಗ್ಗ. ಆದರೆ ಅದಕ್ಕೆ ಬುಷ್ ಒತ್ತಿ ಕೂರಿಸುವ ಪ್ರೆಸ್ ಬೇಕು, ಬಾಲ್ ಜಾಯಿಂಟ್ ಹಳೆಯದೇ ಉಳಿಯುತ್ತದೆ. ಬಾಲ್ ಜಾಯಿಂಟ್ ಸಮೇತ ಪೂರಾ ಆರ್ಮ್ ತಂದೆ. ಇನ್ನೊಂದು ವರ್ಷಕ್ಕೆ ಮತ್ತೆ ಬಿಚ್ಚಿ ಕೂಲಿ ಕೊಡುವುದಕ್ಕಿಂತ ಇದು ವಾಸಿ. ಶಾಕ್ ಕೊಳ್ಳುವಾಗ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿದಾಗ ಹೊಡೆತ ತಡೆಯುವ ಮೆತ್ತೆ), ಡಸ್ಟ್ ಕವರ್, ಮೌಂಟಿಂಗ್ ಬಿಡಬೇಡಿ. ಹೊಸ ಶಾಕ್‌ಗೆ ಹಳೇ ಬಂಪ್ ಸ್ಟಾಪ್ ಹಾಕಿ ಉಳಿಸುವ ಇನ್ನೂರು ಮುನ್ನೂರು ರೂಪಾಯಿ ಯಾವ ಉಳಿತಾಯವೂ ಅಲ್ಲ.

ಹಿಂದಿನದ್ದು ಮನೆಯಲ್ಲಿ, ಮುಂದಿನದ್ದು ಗ್ಯಾರೇಜಲ್ಲಿ

ಕೆಲಸಕ್ಕೆ ಅಕ್ಟೋಬರ್ ಆರಿಸಿದ್ದಕ್ಕೆ ಕಾರಣ ಇದೆ. ಮಳೆಯ ಜೋರು ಇಳಿದಿರುತ್ತದೆ. ಕಾಫಿ ಕುಯ್ಲು ಶುರುವಾಗಿರುವುದಿಲ್ಲ, ಹಾಗಾಗಿ ಸಿಮೆಂಟ್ ಕಣ ಖಾಲಿ. ಜಾಕಿ ಹೂತುಹೋಗದ, ಓರೆ ಇಲ್ಲದ ನೆಲ ತೋಟದ ಮನೆಯಲ್ಲಿ ಬೇರೆಲ್ಲಿ ಸಿಗಬೇಕು? ನವೆಂಬರ್ ಬಂದರೆ ಅಲ್ಲಿ ಅರೇಬಿಕಾ ಹರಡಿ ಗಾಡಿಗೆ ಜಾಗವೇ ಇರುವುದಿಲ್ಲ.

ಸ್ವಿಫ್ಟ್‌ನ ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡೂ ಹಿಂಚಕ್ರಗಳನ್ನು ಸೇರಿಸುವ ಅಡ್ಡ ಆಕ್ಸಲ್. ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಆದ್ದರಿಂದ ಸ್ಪ್ರಿಂಗ್ ಬಿಗಿಹಿಡಿಯುವ ಸಾಧನ ಬೇಕಿಲ್ಲ. ಮುಂದಿನ ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಬಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್ ಕೆಳಗೆ ಜಾಕಿ ಹಿಡಿದೇ ಇರಬೇಕು. ಈ ಜಾಕಿ ಮರೆಯುವಂತಿಲ್ಲ. ಬೀಮ್ ಕೆಳಗೆ ಬೀಳದಂತೆ ಹಿಡಿದಿರುವುದೇ ಶಾಕ್, ಅದನ್ನು ಬಿಚ್ಚಿದರೆ ಭಾರ ಬ್ರೇಕ್ ಹೋಸ್ ಮೇಲೆ ಜೋತುಬೀಳುತ್ತದೆ. ಗಾಡಿ ಬರೀ ಜಾಕಿ ಮೇಲಿರುವಾಗ ಕೆಳಗೆ ತಲೆ ಹಾಕಲೇಬೇಡಿ.

ಕೆಳಗಿನ ಬೋಲ್ಟ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ. ಆದರೂ ಬಲಗಡೆಯದ್ದು ಪೈಪ್ ಹಾಕಿ ತಿರುಗಿಸಿದ ಮೇಲೇ ಕಿರ್ ಎಂದು ಒಪ್ಪಿತು. ಶಾಕ್ ಹೊರಗೆ ಬಂದಾಗ ಕೈಯಲ್ಲಿ ಹಿಡಿದು ಎಳೆದೆ, ಒತ್ತಿದೆ. ಮೇಲಿನ ಎರಡು ಇಂಚು ಪೂರ್ತಿ ಖಾಲಿ, ಯಾವ ತಡೆಯೂ ಇಲ್ಲ. ಆಮೇಲೆ ಒಮ್ಮೆಗೇ ಹಿಡಿಯುತ್ತದೆ. ತಿತಿಮತಿ ಹಂಪಿನಲ್ಲಿ ಅಮ್ಮನ ಸೊಂಟಕ್ಕೆ ಹೊಡೆಯುತ್ತಿದ್ದದ್ದು ಇದೇ. ಬಂಪ್ ಸ್ಟಾಪ್ ಬೆರಳಲ್ಲಿ ಒತ್ತಿದರೆ ಹಳದಿ ಪುಡಿಯಾಗಿ ಉದುರಿತು. ಚಕ್ರದ ಒಳಗೆ ಅವಿತಿದ್ದ ಒಂದು ಜಿಗಣೆಯೂ ಇದೇ ಹೊತ್ತಿಗೆ ಮೊಣಕೈ ಹತ್ತಿತ್ತು, ಅದು ಬೇರೆ ಕತೆ.

ಹೊಸ ಶಾಕ್‌ಗಳು ಅಂಗಡಿಯಲ್ಲಿ ಮಲಗಿಸಿಟ್ಟಿರುತ್ತವೆ, ಒಳಗೆ ಗಾಳಿ ಗುಳ್ಳೆ ಸೇರಿರುತ್ತದೆ. ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ರಾಡನ್ನು ಪೂರ್ತಿ ಎಳೆದು ಪೂರ್ತಿ ಒತ್ತಿ, ಹೀಗೆ ನಾಲ್ಕೈದು ಸಲ. ಮೊದಲೆರಡು ಸಲ ನಡುವೆ ಎಲ್ಲೋ ಸಡಿಲ ಸಿಗುತ್ತದೆ, ಆಮೇಲೆ ಒಂದೇ ಸಮ ಆಗುತ್ತದೆ. ಇದನ್ನು ಹೆಚ್ಚಿನ ಗ್ಯಾರೇಜಿನವರು ಮಾಡುವುದೇ ಇಲ್ಲ.

ಮುಂದಿನದ್ದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗ್ ಶಾಕ್ ಮೇಲೆಯೇ ಕೂತಿರುತ್ತದೆ, ಅದುಮಿಟ್ಟ ಸ್ಪ್ರಿಂಗ್ ಕೈತಪ್ಪಿದರೆ ಮುಖ ಮೂತಿ ನೋಡುವುದಿಲ್ಲ. ಸ್ಪ್ರಿಂಗ್ ಕಂಪ್ರೆಸರ್ ಸರಿಯಾಗಿಲ್ಲದಿದ್ದರೆ ಇದನ್ನು ಮನೆಯಲ್ಲಿ ಮಾಡಬೇಡಿ. ನಾನು ವಿರಾಜಪೇಟೆಯ ಪರಿಚಯದ ಮೇಸ್ತ್ರಿ ಹತ್ತಿರ ಹೋದೆ, ಪಕ್ಕದಲ್ಲೇ ನಿಂತೆ. ನಿಲ್ಲಲು ಬಿಡುವ ಗ್ಯಾರೇಜು ಸಿಕ್ಕರೆ ಅರ್ಧ ಕೆಲಸ ಗೆದ್ದ ಹಾಗೆ.

ಅಲ್ಲಿ ಗಮನ ಇಟ್ಟದ್ದು ಕೆಲವೇ ವಿಷಯಕ್ಕೆ. ಸ್ಟ್ರಟ್, ಚಕ್ರ ಕೂರುವ ಲೋಹದ ಗೆಣ್ಣಿಗೆ (ಸ್ಟೀರಿಂಗ್ ನಕಲ್) ಸೇರುವ ಬೋಲ್ಟ್‌ಗಳ ತೂತಿನಲ್ಲಿ ಸ್ವಲ್ಪ ಆಟ ಇರುತ್ತದೆ, ಬಿಚ್ಚುವ ಮೊದಲು ಪೇಂಟಿನಿಂದ ಗುರುತು ಹಾಕಿಸಿದೆ. ಶಾಕ್ ರಾಡ್ ತಿರುಗದ ಹಾಗೆ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿಯುವ ಅಭ್ಯಾಸ ಕೆಲವರಿಗಿದೆ. ನುಣುಪಾದ ರಾಡ್‌ಗೆ ಒಂದು ಗೀರು ಬಿದ್ದರೆ ಅದೇ ಸೀಲನ್ನು ಕೊಯ್ಯುತ್ತದೆ, ಹೊಸ ಶಾಕ್ ಬೇಗ ಸೋರುತ್ತದೆ. ನಮ್ಮ ಮೇಸ್ತ್ರಿ ರಾಡ್ ತುದಿ ಹಿಡಿಯುವ ಸರಿಯಾದ ಸಾಕೆಟ್ ಇಟ್ಟಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಬಿಗಿ. ಲೋವರ್ ಆರ್ಮ್ ಬುಷ್‌ನ ರಬ್ಬರು ಒಳಗಿನ ಕೊಳವೆಗೂ ಹೊರಗಿನದ್ದಕ್ಕೂ ಅಂಟಿಕೊಂಡಿರುತ್ತದೆ, ತಿರುಚಿಕೊಂಡೇ ಕೆಲಸ ಮಾಡುತ್ತದೆ. ಗಾಡಿ ಎತ್ತಿ ಚಕ್ರ ಜೋತಾಡುವಾಗ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಕೂಡಲೇ ರಬ್ಬರು ತಿರುಚಿದ ಸ್ಥಿತಿಯಲ್ಲೇ ಕೂರುತ್ತದೆ. ಹೊಸ ಬುಷ್ ಬೇಗ ಹರಿಯುವುದಕ್ಕೆ ಇದೊಂದೇ ಸಾಕು. ಆಮೇಲೆ ಸಾಮಾನಿಗೆ ಬೈಗುಳ. ಹಾಗಾಗಿ ಎತ್ತಿದಾಗ ಕೈಬಿಗಿ ಮಾತ್ರ, ಗಾಡಿ ತನ್ನ ಚಕ್ರದ ಮೇಲೆ ನಿಂತ ಮೇಲೆ ಪೂರ್ತಿ ಬಿಗಿ. "ಸಾರ್, ಇದಕ್ಕೆ ಪಿಟ್ ಮೇಲೆ ತಗೊಂಡು ಹೋಗ್ಬೇಕು, ಟೈಮ್ ಆಗುತ್ತೆ" ಎಂದರು. ಆಗಲಿ ಮೇಸ್ತ್ರಿ, ಟೀ ತರಿಸುತ್ತೇನೆ ಎಂದೆ. ಮನೆಯಲ್ಲಿ ಹಿಂದಿನ ಶಾಕ್‌ನ ಕೆಳ ಬೋಲ್ಟನ್ನೂ ಆಕ್ಸಲ್ ಅಡಿಯ ಜಾಕಿಯನ್ನು ಏರಿಸಿ, ಗಾಡಿ ನಿಂತಾಗಿನ ಮಟ್ಟಕ್ಕೆ ತಂದೇ ಬಿಗಿದಿದ್ದೆ.

ಖರ್ಚು ಸುಮಾರಾಗಿ ಹೀಗಾಯಿತು. ಮುಂದಿನ ಶಾಕ್ ಜೋಡಿ 4,600, ಹಿಂದಿನ ಜೋಡಿ 2,800. ಲೋವರ್ ಆರ್ಮ್ ಎರಡೂ ಸೇರಿ 3,400. ಮೌಂಟಿಂಗ್ ಮತ್ತು ಬೇರಿಂಗ್ 1,900, ಲಿಂಕ್ ರಾಡ್ 1,100, ಬಂಪ್ ಸ್ಟಾಪ್ ಮತ್ತು ಡಸ್ಟ್ ಕವರ್ 1,000, ಸ್ಟೆಬಿಲೈಸರ್ ಬುಷ್ 250. ಕೂಲಿ 2,200. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 900. ಒಟ್ಟು 18,150 ರೂಪಾಯಿ. ಅಂಗಡಿಯಿಂದ ಅಂಗಡಿಗೆ ಹೆಚ್ಚು ಕಡಿಮೆ ಆಗುತ್ತದೆ. ಒಟ್ಟಿಗೆ ಕೈಗೆಟುಕದಿದ್ದರೆ ಮೊದಲು ಲೋವರ್ ಆರ್ಮ್, ಲಿಂಕ್ ರಾಡ್. ಶಾಕ್ ಎರಡನೇ ಕಂತಿಗೆ, ಆದರೆ ಯಾವಾಗಲೂ ಜೋಡಿಯಾಗಿ. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಅಂದರೆ ಒದ್ದೆ ತಿರುವಿನಲ್ಲಿ ಗಾಡಿ ಎರಡು ಮನಸ್ಸು ಮಾಡುತ್ತದೆ. ಆರ್ಮ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮುಂದೂಡಬೇಡಿ, ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಪ್ಪಿದರೆ ಟೈರ್ ಅಂಚು ನೋಡನೋಡುತ್ತಲೇ ಸವೆಯುತ್ತದೆ.

ಓಡಿಸಿದ ಮೇಲೆ

ಹಂಪಿನಲ್ಲಿ ಈಗ ಹಿಂಭಾಗ ಒಮ್ಮೆ ಇಳಿದು ಒಮ್ಮೆ ಎದ್ದು ಸುಮ್ಮನಾಗುತ್ತದೆ. ಬ್ರೇಕ್ ಒತ್ತಿದರೆ ನೇರ ನಿಲ್ಲುತ್ತದೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಒಂದರ ಹಿಂದೆ ಒಂದು ಬಂದಾಗ ಮೊದಲೆಲ್ಲ ಎಡಕ್ಕೆ ವಾಲಿದ್ದು ಸರಿಹೋಗುವ ಮೊದಲೇ ಬಲಕ್ಕೆ ತಿರುಗಿಸಬೇಕಾಗುತ್ತಿತ್ತು. ಆ ಗಡಿಬಿಡಿ ಈಗ ಇಲ್ಲ. ವಾಲುವುದು ಅಷ್ಟೇ ವಾಲುತ್ತದೆ, ಸ್ಪ್ರಿಂಗ್ ಅದೇ ತಾನೇ, ಆದರೆ ಅವಸರ ಮಾಡುವುದಿಲ್ಲ.

ಎಲ್ಲವೂ ಮೆತ್ತಗಾಯಿತು ಅಂದುಕೊಳ್ಳಬೇಡಿ. ಹತ್ತು ಹದಿನೈದರ ವೇಗದಲ್ಲಿ ಕಲ್ಲುದಾರಿಯಲ್ಲಿ ಮೊದಲಿಗಿಂತ ತುಸು ಬಿಗಿ ಅನ್ನಿಸುತ್ತದೆ. ಹಳೇ ಸಡಿಲಕ್ಕೆ ಮೈ ಒಗ್ಗಿಹೋಗಿತ್ತು, ಅಲ್ವಾ. ಅಮ್ಮ ಗೋಣಿಕೊಪ್ಪದವರೆಗೆ ಏನೂ ಹೇಳದೆ ಕೂತಿದ್ದರು, ನಾನು ಅದನ್ನೇ ಸರ್ಟಿಫಿಕೇಟು ಎಂದುಕೊಂಡೆ.

ಸ್ವಲ್ಪ ದಿನ ಓಡಿಸಿ ಎಲ್ಲ ನಟ್ಟು ಬೋಲ್ಟ್‌ಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿದೆ. ಎಡ ಲಿಂಕ್ ರಾಡ್‌ನ ನಟ್ಟು ಕಾಲು ಸುತ್ತು ತಗೊಂಡಿತು.

ಬಾಕಿ ಇರುವುದು ಟೈರ್. ಈಗಿರುವುದು ಕಂಪನಿಯ 165/80 ಆರ್14, ಎತ್ತರ ಸುಮಾರು 620 ಮಿಲಿಮೀಟರ್. ಅದೇ ರಿಮ್‌ಗೆ 185/70 ಆರ್14 ಕೂರುತ್ತದೆ, ಎತ್ತರ ಸುಮಾರು 615. ಸ್ಪೀಡೋಮೀಟರ್‌ನಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ವ್ಯತ್ಯಾಸ, ಪಕ್ಕದ ಗೋಡೆಯೂ ಹೆಚ್ಚುಕಡಿಮೆ ಅಷ್ಟೇ ದಪ್ಪ ಉಳಿಯುತ್ತದೆ, ನೆಲ ಹಿಡಿಯುವ ಅಗಲ ಜಾಸ್ತಿ. ಮೈಲೇಜು ಸ್ವಲ್ಪ ತಿನ್ನಬಹುದು. ಹಿಂದಿನವು ಹೇಗೂ ಅಡ್ಡಾದಿಡ್ಡಿ ಸವೆದಿವೆ, ಆ ಗುಯ್‌ಗುಡುವ ಶಬ್ದ ಶಾಕ್ ಬದಲಿಸಿದರೂ ಹೋಗಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ನಾಲ್ಕನ್ನೂ ಬದಲಿಸುತ್ತೇನೆ. ಸ್ಟೆಪ್ನಿ ಮಾತ್ರ 165 ಆಗಿಯೇ ಇರುತ್ತದೆ, ಅದರಲ್ಲಿ ಪಂಕ್ಚರ್ ಅಂಗಡಿ ಮುಟ್ಟಿದರೆ ಸಾಕು.